ತಲೆಯ ಮೇಲೊಂದು ಹೊಸ್ತಿಲು

ಅಥವಾ ಅದು ಟ್ರ್ಯಾಕ್ಟರೇ ಅಲ್ಲ, ಎತ್ತಿನ ಬಂಡಿ ಇದ್ದಿರಬೇಕು. ಯಾಕೆಂದರೆ ನನ್ನ ಕಿವಿಯಲ್ಲಿ ಉಳಿದಿರುವುದು ಇಂಜಿನ್ನಿನ ಸದ್ದಲ್ಲ, ತೊಲೆಗೆ ತೊಲೆ ತಾಗಿ ಹೊರಡುವ ಟೊಳ್ಳು ಸದ್ದು. ಆದರೆ ಕೃಷ್ಣೆಯ ದಂಡೆಯಿಂದ ಮಕ್ತಲ ದಾಟಿ ನಾರಾಯಣಪೇಟೆಯವರೆಗೆ ಒಂದು ಕೋಣೆಯಷ್ಟು ಕಟ್ಟಿಗೆಯನ್ನು ಬಂಡಿಯ ಮೇಲೆ ಹೇರಿಕೊಂಡು ಯಾರು ಬರುತ್ತಾರೆ? ನನ್ನ ತಮ್ಮ ಟ್ರ್ಯಾಕ್ಟರ್ ಎಂದೇ ಹೇಳುತ್ತಾನೆ. ಕೆಂಪು ಬಣ್ಣದ್ದು, ಮುಂದೆ ನಿಂಬೆಹಣ್ಣು ಕಟ್ಟಿತ್ತು ಎಂದೂ ಸೇರಿಸುತ್ತಾನೆ. ಅವನು ಆಗ ತೊಟ್ಟಿಲಲ್ಲಿದ್ದ ಕೂಸು. ನಮ್ಮ ಮನೆಯ ನೆನಪುಗಳೇ ಹೀಗೆ, ನೋಡದೆ ಇದ್ದವರಿಗೆ ಹೆಚ್ಚು ಚೆನ್ನಾಗಿ ಕಾಣುತ್ತವೆ. ಆದ್ದರಿಂದ ಗಾಡಿಯ ಮಾತನ್ನು ಬಿಡುತ್ತೇನೆ. ಕಟ್ಟಿಗೆಯ ರಾಶಿಯ ಮೇಲೆ, ಬಾಗಿಲ ಹಲಗೆಯೊಂದಕ್ಕೆ ಬೆನ್ನು ಕೊಟ್ಟು, ತೊಡೆಯ ಮೇಲೆ ತಗಡಿನ ಟ್ರಂಕು ಇಟ್ಟುಕೊಂಡು ನೀಲತ್ತಿ ಕೂತಿದ್ದಳು. ಇಷ್ಟಕ್ಕೆ ನಾನು ಸಾಕ್ಷಿ. ಇನ್ನೊಂದಕ್ಕೂ ಸಾಕ್ಷಿ: ಪ್ರತಿ ಕಂಬದ, ಪ್ರತಿ ತೊಲೆಯ ತುದಿಗೂ ಬಣ್ಣದ ಚಿಂದಿ ಕಟ್ಟಿತ್ತು. ಓಣಿಯ ಮಕ್ಕಳು ಯಾವುದೋ ಮದುವೆಯ ದಿಬ್ಬಣ ಬಂತೆಂದು ಹಿಂದೆ ಓಡಿ ಬಂದಿದ್ದರು.

ನೀಲತ್ತಿ ಅಪ್ಪನ ಅಕ್ಕ. ಅವಳನ್ನು ಹೊಳೆದಂಡೆಯ ಊರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಗಂಡನ ಅಣ್ಣನ ಸಂಸಾರದ ನಡುವೆ ತನ್ನದೊಂದು ಕೋಣೆ ಇಟ್ಟುಕೊಂಡು ಬದುಕಿದ್ದಳು. ಹೊಳೆಗೆ ಅಡ್ಡಲಾಗಿ ಜೂರಾಲದ ಅಣೆಕಟ್ಟೆ ಏಳುತ್ತಿದ್ದಂತೆ ಆ ಊರು ನೀರಿಗೆ ಹೋಗುವುದು ಖಾತ್ರಿಯಾಗಿ, ಜನ ತಮ್ಮ ತಮ್ಮ ಮನೆಗಳನ್ನು ತಾವೇ ಬಿಚ್ಚತೊಡಗಿದ್ದರು. ಆ ಭಾವನೂ ಬಿಚ್ಚಿದ. ನಿನ್ನ ಕೋಣೆಯ ಕಟ್ಟಿಗೆ ನಿನ್ನದು ಎಂದು ಕೊಟ್ಟ. ಗದ್ವಾಲದ ಕಡೆ ಹೊಸ ಊರಿನಲ್ಲಿ ಮನೆ ಎದ್ದ ಮೇಲೆ ಮಗ ಶರಣಪ್ಪನನ್ನು ಕಳಿಸುತ್ತೇನೆ, ಅಲ್ಲಿಯತನಕ ತವರಿನಲ್ಲಿರು ಎಂದು ಮಾತನ್ನೂ ಕೊಟ್ಟ. ಕೆಟ್ಟ ಮನುಷ್ಯನಲ್ಲ. ಆ ಮನೆಗೆ ರೊಟ್ಟಿ ಬಡಿಯುವ ಕೈ ಬೇಕಿತ್ತು, ಈ ಕೈಗೆ ಒಂದು ಸೂರು ಬೇಕಿತ್ತು. ಹೀಗಾಗಿ ಅವಳು ಬಂದ ದಿನದಿಂದ ನಮ್ಮಲ್ಲಿ ಒಂದೇ ಪ್ರಶ್ನೆ ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು, ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ: ಶರಣಪ್ಪ ಕರೆಯಲು ಬಂದಾಗ ನೀಲತ್ತಿ ಹೋಗುತ್ತಾಳೋ, ಉಳಿಯುತ್ತಾಳೋ? ನಾನು ದಿನಾ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಾಗ, ಅವರ ಹೊಸ ಮನೆಯ ಗೋಡೆ ಬೇಗ ಏಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಒಮ್ಮೆ, ಎದ್ದದ್ದು ಬೀಳಲಿ ಎಂದೂ ಬೇಡಿಕೊಂಡೆ.

ನಮ್ಮದು ಉದ್ದ ಮನೆ. ಮುಂದಿನ ಕೋಣೆ ಅಂಗಡಿ. ನೇಕಾರರಿಂದ ಅಪ್ಪ ಕೊಳ್ಳುತ್ತಿದ್ದ ಸೀರೆಗಳು ಅಲ್ಲಿ ಗೋಡೆಯುದ್ದಕ್ಕೂ ಪೇರಿಸಿರುತ್ತಿದ್ದವು, ಚೌಕಳಿಯ ಒಡಲು, ಕೆಂಪು ಅಂಚು, ಹೊಸ ನೂಲಿನ ಗಂಜಿಯ ವಾಸನೆ. ಅದರ ಹಿಂದೆ ಪಡಸಾಲೆ, ಪೂಜೆಯ ಕೋಣೆ, ಅಡುಗೆಮನೆ, ಆಮೇಲೆ ಹಿತ್ತಲು. ಹಿತ್ತಲಲ್ಲಿ ಒಂದು ಬೇವು, ಒಂದು ನುಗ್ಗೆ, ಬಾವಿ, ಅವ್ವ ಹಾಕಿದ್ದ ಪುಂಡಿಸೊಪ್ಪಿನ ಮಡಿ. ಬೇಸಿಗೆಯಲ್ಲಿ ಮಣ್ಣಿನ ಮಾಳಿಗೆ ಹಗಲಿಡೀ ಬಿಸಿಲು ಕುಡಿದು ಸಂಜೆಗೆ ಅದನ್ನು ನಮ್ಮ ಮೇಲೆ ಉಗುಳುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಜಾಗವಿದೆ ಎಂದು ಅಪ್ಪ ಬಂದವರೆದುರು ಹೇಳುತ್ತಿದ್ದ. ನಿಜವೇ. ನೀಲತ್ತಿಗಂತೂ ಎಲ್ಲ ಕಡೆಯೂ ಜಾಗವಿತ್ತು. ಮಲಗುವುದು ಅಂಗಡಿಯ ಕೋಣೆಯಲ್ಲಿ, ಗಿರಾಕಿಗಳು ಬರುವ ಮುಂಚೆ ಹಾಸಿಗೆ ಸುತ್ತಿಡಬೇಕು. ಸೀರೆ ಬದಲಿಸುವುದು ಆಯಿಯ ಮೂಲೆಯಲ್ಲಿ, ಆಯಿ ಎಂದರೆ ಅಪ್ಪನ ಅವ್ವ. ಟ್ರಂಕು ಮಾತ್ರ ತಿರುಗುತ್ತಲೇ ಇರುತ್ತಿತ್ತು: ಇವತ್ತು ಪಡಸಾಲೆಯ ಬೆಂಚಿನ ಕೆಳಗೆ, ನೆಂಟರು ಬಂದರೆ ಜೋಳದ ಚೀಲಗಳ ಹಿಂದೆ, ಹಬ್ಬಕ್ಕೆ ಮನೆ ಸಾರಿಸುವಾಗ ಬಾವಿಯ ಕಟ್ಟೆಯ ಮೇಲೆ. ಅವಳು ಏನಾದರೂ ತೆಗೆಯಬೇಕೆಂದರೆ ಮೊದಲು ಕೇಳಬೇಕಿತ್ತು, ನನ್ನ ಟ್ರಂಕ ಎಲ್ಲೈತ್ರವ್ವಾ ಎಂದು. ಯಾರೂ ಬೇಕೆಂದು ಮಾಡಿದ್ದಲ್ಲ ಅದು. ಅವ್ವನಿಗೂ ಅವಳಿಗೂ ಜಗಳವಿತ್ತು, ಆದರೆ ಅದು ರೊಟ್ಟಿಯ ಜಗಳ. ಅವ್ವ ತೆಳ್ಳಗೆ ಬಡಿಯುವವಳು, ನೀಲತ್ತಿಯದು ಹೊಳೆಯವರ ದಪ್ಪ ಕೈ.

"ಅಕ್ಕಾರ, ಇದು ರೊಟ್ಟಿನೋ, ನಿಮ್ಮೂರ ಹರಗೋಲಿನ ತಳಾನೋ?"

"ನಿನ್ನ ರೊಟ್ಟಿ ಎತ್ತಿ ಹಿಡಿದ್ರ ಆಚಿ ಮನಿ ಕಾಣತೈತಿ. ಅದನ್ನ ತಿಂದ ನನ್ನ ತಮ್ಮ ಹಿಂಗ ಸೊರಗ್ಯಾನ."

ಅಪ್ಪ ಎರಡೂ ಬಗೆಯ ರೊಟ್ಟಿ ತಿನ್ನುತ್ತಿದ್ದ. ಸೊರಗಿದವನಂತೆ ಎಂದೂ ಕಂಡವನಲ್ಲ.

ಕಟ್ಟಿಗೆ ಬೇವಿನ ಕೆಳಗೆ ಬಿದ್ದೇ ಇತ್ತು. ಅವ್ವ ಅದನ್ನು ಉರುವಲು ಎಂದುಕೊಂಡಿದ್ದಳು, ಅಪ್ಪ ಮಾರುವ ಸರಕು ಎಂದುಕೊಂಡಿದ್ದ. ಒಂದು ಮಧ್ಯಾಹ್ನ ಎಲ್ಲರೂ ಉಣ್ಣುವಾಗ (ಎಲ್ಲರೂ ಒಟ್ಟಿಗೆ ಉಣ್ಣುತ್ತಿರಲಿಲ್ಲ, ಹೆಂಗಸರದು ಆಮೇಲೆ, ಆದರೆ ಈ ಮಾತು ನಡೆದಾಗ ಅಪ್ಪನೂ ಇದ್ದ, ಅವ್ವನೂ ಇದ್ದಳು, ಅಷ್ಟು ಗೊತ್ತು) ನೀಲತ್ತಿ ಪುಂಡಿಪಲ್ಯ ಬಡಿಸುತ್ತಲೇ ಹೇಳಿದಳು.

"ಹಿತ್ತಲದಾಗ ಆ ಕಟ್ಟಿಗಿ ನಿಲ್ಲಸ್ತೀನಿ. ಮನಿ ಅಲ್ಲ. ಗಾಳಿಗೆ ಕುಂದ್ರಾಕ."

"ಗಾಳಿ ಅಂಗಳದಾಗ ಇಲ್ಲೇನು?" ಎಂದಳು ಆಯಿ.

"ಅಂಗಳದಾಗಿನ ಗಾಳಿ ಎಲ್ಲಾರದು ಯವ್ವಾ."

ಆಯಿ ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದಳು.

"ನಿಲ್ಲಸು. ಬ್ಯಾಡ ಅನ್ನಾಂಗಿಲ್ಲ. ಆದ್ರ ಒಲಿ ಹೂಡಬ್ಯಾಡ, ಹೊಸ್ತಲಾ ಇಡಬ್ಯಾಡ. ಒಂದ ಗ್ವಾಡಿ ಒಳಗ ಎರಡನೇ ಹೊಸ್ತಲಾ ಬಿತ್ತಂದ್ರ ಮನಿ ಹರದಂಗ. ನಾ ಇರೂತನಾ ಈ ಮನಿ ಹರಿಯಾಕ ಬಿಡಾಂಗಿಲ್ಲ."

ಇದು ಮುದುಕಿಯ ಹಟ ಎಂದು ಈಗ ಅನ್ನಿಸಬಹುದು. ನಮ್ಮಲ್ಲಿ ದಿನಾ ಬೆಳಗ್ಗೆ ಹೊಸ್ತಿಲು ತೊಳೆದು ಅರಿಶಿನ ಹಚ್ಚುತ್ತಾರೆ. ಯಾರು ಹಚ್ಚುತ್ತಾರೋ ಅವರು ಆ ಮನೆಯವರು. ಆಯಿ ಮದುವೆಯಾಗಿ ಬಂದ ಕಾಲಕ್ಕೆ ಈ ಮನೆ ಈಗಿನ ಎರಡರಷ್ಟಿತ್ತಂತೆ. ತಾತನ ತಮ್ಮಂದಿರು ಬೇರೆಯಾದಾಗ ಮೊದಲು ಮಾಡಿದ ಕೆಲಸವೆಂದರೆ ಗೋಡೆ ಒಡೆದು ತಮ್ಮದೊಂದು ಹೊಸ್ತಿಲು ಕೂರಿಸಿದ್ದು. ಪಾತ್ರೆ, ಹೊಲ, ಎತ್ತು ಎಲ್ಲ ಹಂಚಿಕೆಯಾದದ್ದು ಆಮೇಲೆ. ಅವಳ ಪಾಲಿಗೆ ಹೊಸ್ತಿಲೆಂದರೆ ಮನೆ ಹರಿಯುವುದರ ಶುರು. ಮಗಳ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ತನ್ನ ತಟ್ಟೆಯ ಬೆಣ್ಣೆಯನ್ನು ನೀಲತ್ತಿಯ ತಟ್ಟೆಗೆ ಸರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಓಣಿಯ ಬಡಿಗನನ್ನು ಕರೆಸಿದರು. ಅವನು ರಾಶಿಯಲ್ಲಿದ್ದ ಸಾಗವಾನಿಯ ಬಾಗಿಲ ಚೌಕಟ್ಟನ್ನು ಹೊರಳಿಸಿ ನೋಡಿದ, ಮೆಚ್ಚಿ ತಟ್ಟಿದ. ಮೇಲಿನ ಅಡ್ಡಪಟ್ಟಿಯಲ್ಲಿ ಬಳ್ಳಿ, ಬಳ್ಳಿಯ ಎರಡು ಕಡೆ ಗಿಳಿ. ಕೆಳಗಿನದು ಹೊಸ್ತಿಲು, ನಡುವೆ ಕಾಲು ತಾಗಿ ತಾಗಿ ತಗ್ಗು ಬಿದ್ದದ್ದು. ಆಯಿಯ ಕರಾರನ್ನು ಕೇಳಿದ ಮೇಲೆ ಮಾತ್ರ ಕೈ ಕೊಡವಿಕೊಂಡ.

"ಗಡಪ ಲೇನಿ ದರ್ವಾಜಾ ನೇನು ಪೆಟ್ಟನಮ್ಮಾ," ಎಂದ. ಆಮೇಲೆ, ತೆಲುಗು ನಮಗೆ ತಿಳಿಯದೇನೋ ಎನ್ನುವ ಹಾಗೆ, ಕನ್ನಡದಲ್ಲೂ ಹೇಳಿದ. "ಹೊಸ್ತಲಾ ಇಲ್ಲದ ದರವಾಜ ನಾ ಕೂಡ್ರಸಾಂಗಿಲ್ರಿ. ನಮ್ಮ ಕಸುಬಿಗೆ ಛಲೋ ಅಲ್ಲ."

ಹೊಸ್ತಿಲು ಕೂರಿಸುವ ದಿನ ಬಡಿಗನಿಂದ ಪೂಜೆ, ಬಡಿಗನಿಗೆ ತೆಂಗಿನಕಾಯಿ, ಹೊಸ ಬಟ್ಟೆ. ಅದೇ ಇಲ್ಲದ ಬಾಗಿಲನ್ನು ಅವನಾದರೂ ಯಾಕೆ ಮುಟ್ಟಬೇಕು? ಇನ್ನೊಬ್ಬನನ್ನು ಕರೆಸಿದರೆ ಅವನೂ ಅದೇ ಹೇಳಿದ. ನೀಲತ್ತಿ ಕಟ್ಟಿಗೆಯ ಮೇಲೆ ಕೂತು ಕಾಲಿನ ಉಗುರು ನೋಡಿಕೊಳ್ಳುತ್ತಿದ್ದಳು. ಅಪ್ಪ ಅಂಗಡಿಯಿಂದ ಎದ್ದು ಬಂದು ಬೇವಿನ ನೆರಳಲ್ಲಿ ಸ್ವಲ್ಪ ಹೊತ್ತು ನಿಂತ.

"ನಾವ ಕಟ್ಟೋಣ ಬಿಡಕ್ಕ," ಎಂದ.

ಅಡುಗೆಮನೆಯ ಕಿಟಕಿಯಿಂದ ಅವ್ವನ ನಗು ಬಂತು. "ಗ್ವಾಡಿಗೆ ಒಂದ ಮೊಳಿ ಹೊಡೀರಿ ಅಂದ್ರ ಹೊತ್ತ ಮುಣಗೂತನಾ ಗ್ವಾಡಿ ನೋಡ್ಕೋತ ನಿಂತಿದ್ರಿ. ಈಗ ಬಂಗಲೆ ಕಟ್ಟಾವರಾ?"

"ಮೊಳಿ ಬ್ಯಾರೆ, ಬಂಗಲೆ ಬ್ಯಾರೆ," ಎಂದ ಅಪ್ಪ ಗಂಭೀರವಾಗಿ.

ಹೀಗೆ ಶುರುವಾಯಿತು. ಅಪ್ಪ ಎಲ್ಲಿಂದಲೋ ಗರಗಸ, ಉಳಿ, ಸುತ್ತಿಗೆ ತಂದ. ಮಧ್ಯಾಹ್ನ ಅಂಗಡಿಗೆ ಪರದೆ ಇಳಿಬಿಟ್ಟು, ಧೋತರವನ್ನು ಮೇಲೆ ಸಿಕ್ಕಿಸಿಕೊಂಡು ಹಿತ್ತಲಿಗೆ ಬರುತ್ತಿದ್ದ. ಅವನಿಗೆ ಗೊತ್ತಿದ್ದ ಕೆಲಸ ಒಂದೇ, ಸೀರೆ ಅಳೆದು ಮಡಚುವುದು. ಕಟ್ಟಿಗೆಗೂ ಅದನ್ನೇ ಮಾಡಿದ. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕಿ, ಪ್ರತಿ ಮೊಳಕ್ಕೂ ತುಟಿಯಲ್ಲೇ ಏನೋ ಗುಣುಗಿ, ಕಂಬಗಳ ಜಾಗ ಗುರುತು ಮಾಡಿದ. ಒಂದು ದಿನ ಅವನಿಗೆ ಗಿರಾಕಿ ಬಂದಾಗ ಉಳಿದ ಎರಡು ಕಂಬಗಳ ಜಾಗವನ್ನು ನೀಲತ್ತಿ ತನ್ನ ಮೊಳದಿಂದ ಅಳೆದಳು. ಅಪ್ಪನದು ನೀಳ ತೋಳು, ಅವಳದು ಗಿಡ್ಡ. ಗುಂಡಿ ತೋಡಿ, ಅಡಿಗಲ್ಲು ಇಟ್ಟು, ಕಂಬ ನಿಲ್ಲಿಸಿ, ಮಣ್ಣು ಗುಮ್ಮಿದ ಮೇಲೆಯೇ ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿರುವುದು ಕಂಡದ್ದು.

"ನಿನ್ನ ಕೈ ಏನ ಕೈಯೋ ಮಾರಾಯ, ಗಿರಾಕಿಗೆ ಹಿಂಗ ಅಳದು ಕೊಡ್ತೀಯೇನು? ದಿವಾಳಿ ಎದ್ದೀತು ಅಂಗಡಿ."

"ನನ್ನ ಮೊಳ ನಮ್ಮಪ್ಪನ ಮೊಳ. ಬಜಾರದಾಗ ಕೇಳ ಹೋಗು. ನಿಂದು ಹೊಳ್ಯಾಗ ನೆನದು ಕುಗ್ಗಿರಬೇಕು."

ಕಿತ್ತು ಸರಿಮಾಡಲಿಲ್ಲ. ಯಾಕೆ ಮಾಡಲಿಲ್ಲವೋ, ಇಬ್ಬರಿಗೂ ಸುಸ್ತಾಗಿತ್ತೇನೋ. ಕೊನೆಯವರೆಗೂ ಅದು ಬೇವಿನ ಕಡೆಗೆ ಸ್ವಲ್ಪ ವಾಲಿಕೊಂಡೇ ಇತ್ತು, ಮರದ ಮಾತು ಕೇಳಿಸಿಕೊಳ್ಳುವವರ ಹಾಗೆ.

ಚಿಂದಿಗಳ ಅನಾಹುತ ಆದದ್ದು ಇದರ ಮುಂಚೆಯೋ ಆಮೇಲೆಯೋ ನನಗೆ ಖಾತ್ರಿಯಿಲ್ಲ. ಕಥೆಗೆ ಅನುಕೂಲವಾಗಲೆಂದು ಇಲ್ಲಿ ಇಡುತ್ತಿದ್ದೇನೆ. ಹೊಳೆಯೂರಿನಲ್ಲಿ ಕೋಣೆ ಬಿಚ್ಚುವಾಗ ನೀಲತ್ತಿ ತನ್ನ ಹಳೆಯ ಸೀರೆಗಳನ್ನು ಹರಿದು, ಯಾವ ತೊಲೆ ಯಾವ ಕಂಬದ ಕಚ್ಚಿನಲ್ಲಿ ಕೂತಿತ್ತೋ ಆ ಎರಡಕ್ಕೂ ಒಂದೇ ಬಣ್ಣದ ಚಿಂದಿ ಕಟ್ಟಿದ್ದಳು. ಹಸಿರಿಗೆ ಹಸಿರು, ನೇರಳೆಗೆ ನೇರಳೆ. ಜೋಡಿ ನೋಡಿ ಸೇರಿಸುತ್ತ ಹೋದರೆ ಕೋಣೆ ಇದ್ದ ಹಾಗೇ ಎದ್ದು ನಿಲ್ಲಬೇಕು. ಒಂದು ಬೆಳಗ್ಗೆ ನೋಡಿದರೆ ಕಟ್ಟಿಗೆಯೆಲ್ಲ ಬೋಳು. ಚಿಂದಿಗಳು ಬಾವಿಯ ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದವು.

"ಯಾರ ಬಿಚ್ಚಿದ್ರು ಇವನ್ನ?"

"ನಾನ ಅಕ್ಕಾರ. ಕೂಸಿಗೆ ಕೌದಿ ಹೊಲಿಯಾಕ. ಸುಮ್ಮನ ಬಿಸಲಿಗೆ ಬಣ್ಣ ಹೋಗಾಕತ್ತಿದ್ವು, ಒಗದು ಹಾಕೀನಿ ನೋಡ್ರಿ, ಎಷ್ಟ ಚಂದ ಆದ್ವು," ಎಂದಳು ಅವ್ವ, ತುಂಬ ಖುಷಿಯಿಂದ.

ನೀಲತ್ತಿ ಅಲ್ಲೇ ಕುಸಿದು ಕೂತಳು. ಆಮೇಲೆ ನಕ್ಕಳು ಎಂದು ನನ್ನ ನೆನಪು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಮಾತ್ರ ಕೊನೆಯವರೆಗೂ, ಅತ್ತಳು, ನಾನು ನೋಡಿದ್ದೇನೆ, ಅವತ್ತು ನನಗೆ ರೊಟ್ಟಿ ಇಳಿಯಲಿಲ್ಲ ಎನ್ನುತ್ತಿದ್ದಳು. ಎರಡೂ ಆಗಿರಬಹುದು. "ನನ್ನ ಕ್ವಾಣಿನ್ನ ಹಾಸಿಗಿ ಮಾಡಿ ಕೂಸಿನ ಅಡಿ ಹಾಸಿದಿ ನೋಡು," ಎಂದ ಮಾತು ಇಬ್ಬರ ನೆನಪಿನಲ್ಲೂ ಇದೆ. ಕೌದಿಯೇನೋ ಚೆನ್ನಾಗಿ ಬಂತು. ತಮ್ಮ ಅದರ ಮೇಲೆ ಬೆಳೆದ.

ಮುಂದಿನ ದಿನಗಳಲ್ಲಿ ನೀಲತ್ತಿ ಕಟ್ಟಿಗೆಯ ನಡುವೆ ಕೂತು, ಒಂದೊಂದನ್ನೇ ಕೈಯಿಂದ ಸವರಿ ನೋಡುತ್ತಿದ್ದಳು. ನಾನು ಬೆನ್ನಿಗೇ ಇರುತ್ತಿದ್ದೆ. ಇಲ್ಲಿ ಕಂದೀಲು ತೂಗುಹಾಕುವ ಮೊಳೆಯ ತೂತು. ಇಲ್ಲಿ ಎಣ್ಣೆ ಹಚ್ಚಿದ ತಲೆಯನ್ನು ಆನಿಸಿ ಆನಿಸಿ ಕಪ್ಪಾದ ಜಾಗ. "ಇದು ನಿಮ್ಮ ಮಾವ ಕುಂದರತಿದ್ದ ಕಂಬ. ಮುಟ್ಟಿ ನೋಡು ಚೆನ್ನಿ, ಇನ್ನಾ ಜಿಡ್ಡೈತಿ." ನಾನು ಮುಟ್ಟಿ, ಹೌದು ಎನ್ನುತ್ತಿದ್ದೆ, ಬೆರಳಿಗೆ ಜಿಡ್ಡು ತಾಗಿತ್ತೋ ಇಲ್ಲವೋ. ಅವಳ ಕೈ ಹೇಳಿದ ಹಾಗೆ ಅಪ್ಪ ಸೇರಿಸುತ್ತ ಹೋದ. ಕೂರದ ಕಡೆ ಉಳಿ ಹಿಡಿದು ಕಚ್ಚನ್ನು ಅಗಲ ಮಾಡಿದ, ಆಮೇಲೆ ಅಗಲ ಹೆಚ್ಚಾಗಿ ಚಕ್ಕೆ ತುರುಕಿದ. ಅಟ್ಟದ ಹಲಗೆಗಳನ್ನು ನಡುವೆ ಸಂದು ಬಿಟ್ಟು ಗೋಡೆಯ ಹಾಗೆ ಕಂಬಗಳಿಗೆ ಬಡಿದರು, ಮೇಲೆ ಜೋಳದ ದಂಟು ಹೊದಿಸಿದರು. ಎಲ್ಲ ಮುಗಿದು ನೋಡಿದರೆ ತಲೆ ಆನಿಸುವ ಕಪ್ಪು ಜಾಗ ಹೊರಗಡೆ, ಯಾರ ತಲೆಯೂ ಮುಟ್ಟದಷ್ಟು ಎತ್ತರದಲ್ಲಿ ಬಂದಿತ್ತು; ಕಂದೀಲಿನ ಮೊಳೆ ನೆಲದ ಹತ್ತಿರ. ನೀಲತ್ತಿ ಸುತ್ತ ಒಂದು ಸಲ ತಿರುಗಿ ಬಂದಳು.

"ಆ ಕ್ವಾಣಿ ಅಲ್ಲ ಇದು," ಎಂದಳು. ಕಂಬವೊಂದನ್ನು ಅಲುಗಿಸಿ ನೋಡಿ, "ಛಲೋ ಆತು" ಎಂದಳು.

ಬಿಚ್ಚಿ ತಂದದ್ದನ್ನು ತಪ್ಪು ತಪ್ಪಾಗಿ ಜೋಡಿಸುವ ಈ ಕೆಲಸವನ್ನು ನಾನು ಈಗ ಇಲ್ಲಿ ಕೂತು ಮಾಡುತ್ತಿರುವುದಕ್ಕೆ ಹೋಲಿಸಲು ಕೈ ತುರಿಸುತ್ತದೆ. ಹೋಲಿಸುವುದಿಲ್ಲ. ಅವಳಿಗೆ ಕೂರಲು ಜಾಗ ಬೇಕಿತ್ತು, ಅಷ್ಟೇ.

ಬಾಗಿಲು ಬಾಕಿಯಿತ್ತು. ಹೊಸ್ತಿಲನ್ನು ಗರಗಸದಿಂದ ಕೊಯ್ದು ತೆಗೆದು, ಮೂರು ಪಟ್ಟಿಯ ಚೌಕಟ್ಟನ್ನು ನಿಲ್ಲಿಸುವುದೆಂದು ಮಾತಾಗಿತ್ತು. ಅಪ್ಪ ಎರಡು ಸಲ ಗರಗಸ ಹಿಡಿದು ಕೂತು, ಎರಡು ಸಲವೂ ಗಿರಾಕಿ ಬಂದರೆಂದು ಎದ್ದುಹೋದ. ಗಿರಾಕಿ ಬಂದಿರಲಿಲ್ಲ. ಅಷ್ಟರಲ್ಲಿ ಮಕ್ತಲದಲ್ಲಿ ಅವ್ವನ ಕಡೆಯವರ ಮದುವೆ. ಅವ್ವ, ನಾನು, ತಮ್ಮ ಹೋದೆವು. ಅಂಗಡಿ ಬಿಟ್ಟು ಬರಲಾಗದೆ ಅಪ್ಪ ಉಳಿದ, ಮಂಡಿನೋವಿಗೆ ಆಯಿ ಉಳಿದಳು. ಮದುವೆಮನೆಯ ಮಾತುಗಳು ಬೇಡವೆಂದು ನೀಲತ್ತಿಯೂ ಉಳಿದಳು. ಮಾರನೆಯ ದಿನ ಇಳಿಹೊತ್ತಿಗೆ ನಾವು ವಾಪಸು ಬಂದು ಹಿತ್ತಲಿಗೆ ಕಾಲಿಟ್ಟರೆ ಚೌಕಟ್ಟು ನಿಂತಿತ್ತು. ನಾಲ್ಕೂ ಪಟ್ಟಿ ಇದ್ದವು. ತಲೆಕೆಳಗಾಗಿ ನಿಂತಿತ್ತು. ಗಿಳಿ, ಬಳ್ಳಿ ಕೆತ್ತಿದ್ದ ಪಟ್ಟಿ ನೆಲದೊಳಗೆ, ಮಣ್ಣಿಗೆ ಸಮವಾಗಿ ಹೂತುಹೋಗಿತ್ತು. ಗಿಳಿಗಳ ತಲೆ ಮಣ್ಣಲ್ಲಿ. ಹೊಸ್ತಿಲು ಮೇಲಿತ್ತು. ನಡುವೆ ತಗ್ಗು ಬಿದ್ದ, ಎಷ್ಟೋ ವರ್ಷಗಳ ಅರಿಶಿನ ಕುಡಿದು ಹಳದಿಗಟ್ಟಿದ ಹೊಸ್ತಿಲು, ಒಳಗೆ ಹೋಗುವವರ ನೆತ್ತಿಯ ಮೇಲೆ.

"ಅಯ್ಯ ಶಿವನ, ದರವಾಜಕ್ಕ ಶೀರ್ಷಾಸನ ಹಾಕಿಸೀರಲ್ಲ!" ಎಂದಳು ಅವ್ವ.

"ಅಕ್ಕ ಹಿಂಗ ಹಿಡಿ ಅಂದ್ಲು, ಹಿಡಿದೆ," ಎಂದ ಅಪ್ಪ.

"ನಾ ಹಿಡಿ ಅಂದೆ, ಖರೇ. ತಲಿ ಯಾವ್ದು ಕಾಲು ಯಾವ್ದು ಅಂತ ನೋಡಾಕ ಅವಗ ಕಣ್ಣ ಇದ್ದಿದ್ದಿಲ್ಲೇನು?"

ಈ ಸದ್ದಿಗೆ ಆಯಿ ಕೋಲೂರಿಕೊಂಡು ಬಂದಳು. ನೀಲತ್ತಿಯ ಮುಖ ನನಗೆ ಈಗಲೂ ಕಾಣುತ್ತದೆ, ಅಥವಾ ಕಾಣಬೇಕೆಂದು ನಾನು ಬಯಸುವ ಮುಖ ಅದು. ಆಯಿ ಬಾಗಿಲಲ್ಲಿ ನಿಂತು ಕೋಲಿನಿಂದ ನೆಲ ತಟ್ಟಿದಳು. ಒಂದು ಕಾಲನ್ನು ಆಚೆಗಿಟ್ಟಳು, ಈಚೆಗೆ ತೆಗೆದಳು. ಎಡವಲು ಏನೂ ಇರಲಿಲ್ಲ. ಆಮೇಲೆ ಕತ್ತೆತ್ತಿ ಮೇಲಿನ ಹಳದಿಯನ್ನು ಬಹಳ ಹೊತ್ತು ನೋಡಿದಳು.

"ದಾಟಿದ್ರ ತಾನ ಅದು ಹೊಸ್ತಲಾ? ಅಲ್ಲಿ ಮ್ಯಾಲ ಐತಿ, ಯಾರ ದಾಟ್ತಾರ?" ಎಂದಳು. "ಕಟ್ಟಿಗಿ ಅದು. ಇರ್ಲಿ ಬಿಡು."

ಹಾಗೆಂದವಳೇ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಕೂತು, "ಗಾಳಿ ಛಲೋ ಬರ್ತೈತಿ" ಎಂದಳು.

ಯಾರು ತಿರುಗಿಸಿದರು? ಅಪ್ಪ ವಯಸ್ಸಾದ ಮೇಲೆ ಒಮ್ಮೆ, ಅವ್ವನೇ ಹೇಳಿದಳು, ಕೊಯ್ಯಬೇಡ, ಹೊರಳಿಸಿ ಇಡು ಅಂದಳು ಎಂದಿದ್ದ. ಅವ್ವ ಎಂದರೆ ಅವನ ಅವ್ವ, ಕರಾರು ಹಾಕಿದ ಆಯಿಯೇ. ಇನ್ನೊಮ್ಮೆ ಕೇಳಿದಾಗ, ಬಿಸಿಲಿಗೆ ಕಣ್ಣು ಕತ್ತಲೆ ಬಂದಿತ್ತು, ತಿಳಿಯಲಿಲ್ಲ ಎಂದ. ಕೆತ್ತನೆಯ ಗಿಳಿಗಳನ್ನು ಮಣ್ಣಿನಲ್ಲಿ ಹೂಳುವಷ್ಟು ಕತ್ತಲೆ ಯಾರ ಕಣ್ಣಿಗೂ ಬರುವುದಿಲ್ಲ. ಆಯಿ ಆ ಮಾತನ್ನೇ ಮತ್ತೆ ಎತ್ತಲಿಲ್ಲ. ನೀಲತ್ತಿ, "ಕಟ್ಟಿಗಿಗೇನ ಗೊತ್ತು ತಲಿ ಕಾಲು" ಎಂದು ನಗುತ್ತಿದ್ದಳು. ಮೂವರೂ ಸೇರಿಯೇ ಮಾಡಿ, ಮೂವರೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಇದ್ದರು ಎಂದು ನಂಬುವುದು ನನಗೆ ಇಷ್ಟ. ಇಷ್ಟವಾದದ್ದರಿಂದಲೇ ಅದರ ಮೇಲೆ ಅನುಮಾನ.

ಆ ಬೇಸಿಗೆಯೆಲ್ಲ ನಾವು ಅಲ್ಲಿಯೇ. ಹಲಗೆಯ ಸಂದಿನಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಬಿದ್ದು ನೀಲತ್ತಿಯ ಬಿಳಿ ಸೀರೆಗೆ ಅಂಚು ಹಚ್ಚುತ್ತಿತ್ತು. ಟ್ರಂಕು ಒಂದು ಮೂಲೆ ಹಿಡಿಯಿತು, ಆಮೇಲೆ ಅಲ್ಲಿಂದ ಏಳಲಿಲ್ಲ. ಅವ್ವನೂ ಕೆಲಸ ಮುಗಿಸಿ ಬಂದು, ಶೇಂಗಾ ಸುಲಿಯುತ್ತ, ಕೌದಿ ಹೊಲಿಯುತ್ತ ಕೂರುತ್ತಿದ್ದಳು. ಬರುವಾಗ ಬೈಯುತ್ತಲೇ ಬರುತ್ತಿದ್ದಳು: ಮಳೆ ಬಂದರೆ ಸೋರುತ್ತದೆ, ಗಾಳಿ ಬಂದರೆ ಹಾರುತ್ತದೆ. ಮಳೆ ಬಂತು, ಸೋರಿತು. ಅಪ್ಪ ದಂಟು ಬದಲಿಸಿದ. ನೀಲತ್ತಿ ಬೆಳಗ್ಗೆ ಬೆಳಗ್ಗೆ ಸ್ಟೂಲು ಹತ್ತಿ ತಲೆಯ ಮೇಲಿನ ಆ ಪಟ್ಟಿಗೆ ಅರಿಶಿನ ಹಚ್ಚುತ್ತಿದ್ದಳೇ? ಹಚ್ಚುತ್ತಿದ್ದಳು ಎಂದು ಬರೆದು, ಹೊಡೆದುಹಾಕಿ, ಮತ್ತೆ ಕೇಳುತ್ತಿದ್ದೇನೆ. ಹಳದಿ ಮಾತ್ರ ಮಾಸಲಿಲ್ಲ.

ನವರಾತ್ರಿ ಕಳೆದ ಮೇಲೆ ಶರಣಪ್ಪ ಬಂದ. ಕುಡಿಮೀಸೆ, ಇಸ್ತ್ರಿ ಮುರಿಯದ ಹೊಸ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಗೊನೆ. ಅವನನ್ನು ದ್ವೇಷಿಸಬೇಕೆಂದು ನಾನು ತಯಾರಾಗಿದ್ದೆ. ಅವನು ನನ್ನ ಕೆನ್ನೆ ಹಿಂಡಿ ಮೊದಲ ಹಣ್ಣನ್ನು ನನಗೇ ಕೊಟ್ಟು ಕೆಲಸ ಕೆಡಿಸಿದ. ಪಡಸಾಲೆಯಲ್ಲಿ ಅಪ್ಪನ ಜೊತೆ ಕೂತು ಹೊಸ ಮನೆಯ ಮಾತಾಡಿದ: ಕಲ್ಲಿನ ಗೋಡೆ, ನೀರಿನ ನಲ್ಲಿ, ಚಿಗವ್ವನಿಗೆ ಬೆಳಕು ಬರುವ ಕೋಣೆ. ಚಿಗವ್ವ ಎಂದರೆ ಅವನಿಗೆ ನೀಲತ್ತಿ. ಅಪ್ಪ ಎಲ್ಲದಕ್ಕೂ ಹೂಂ ಎನ್ನುತ್ತ ಧೋತರದ ಅಂಚನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ. ಆಗ ನೀಲತ್ತಿ ಅಡುಗೆಮನೆಯ ಬಾಗಿಲಿಗೆ ಬಂದಳು.

"ಶರಣಾ, ಇಲ್ಲ್ಯಾಕ ಕುಂತಿ? ನನ್ನ ಕಡಿ ಬಾ."

ನನ್ನ ಕಡೆ. ಅಪ್ಪನ ಕೈ ನಿಂತಿತು. ಶರಣಪ್ಪ ಅವಳ ಹಿಂದೆ ಹಿತ್ತಲಿಗೆ ಹೋದ, ಅವನ ಹಿಂದೆ ನಾನು. ಬಾಗಿಲಲ್ಲಿ ಅವನು ಕತ್ತೆತ್ತಿ ನೋಡಿ ಗಕ್ಕನೆ ನಿಂತ.

"ಚಿಗವ್ವ, ಇದು ನಮ್ಮ ನಡುಕ್ವಾಣಿ ದರವಾಜ ಅಲ್ಲೇನು? ತಲಿಕೆಳಗ ಐತಲ್ಲ!"

"ಊರಿಗೂರ ಮುಣಗಿದ ಮ್ಯಾಲ ದರವಾಜ ಒಂದ ನೆಟ್ಟಗ ಇರಬೇಕೇನು? ಒಳಗ ಬಾ."

ಅವನು ನಕ್ಕು ಒಳಗೆ ಹೋದ. ಚಾಪೆ ಹಾಸಿ ಕೂರಿಸಿದಳು. ನೆಂಟನನ್ನು ಕೂರಿಸುವ ಠೀವಿಯೇ ಬೇರೆ; ಅದನ್ನು ಅವಳಲ್ಲಿ ನಾನು ನೋಡಿದ್ದು ಅವತ್ತೇ ಮೊದಲು. ಆದರೆ ಒಲೆ ಇರಲಿಲ್ಲ, ಚಹ ಅವ್ವನ ಅಡುಗೆಮನೆಯಿಂದಲೇ ಬರಬೇಕು. ಅವ್ವ ಒಂದು ತಟ್ಟೆಯಲ್ಲಿ ಚಹ, ಒಗ್ಗರಣೆ ಹಾಕಿದ ಚುರುಮುರಿ ಇಟ್ಟುಕೊಂಡು ಅಂಗಳ ದಾಟಿ ಬಂದಳು. ದಿನಾ ಬೈಯುತ್ತ ನುಗ್ಗುತ್ತಿದ್ದ ಬಾಗಿಲಿನ ಹೊರಗೆ ನಿಂತಳು. ಸೆರಗು ಸರಿಮಾಡಿಕೊಂಡಳು.

"ಅಕ್ಕಾರ, ಒಳಗ ಬರಲೇನ್ರಿ?"

ನೀಲತ್ತಿ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.

"ಬಾರವ್ವ. ಬಾ, ಕುಂದ್ರು."

ದೊಡ್ಡವಳಾದ ಮೇಲೆ ನಾನು ಇದನ್ನು ಅವ್ವನಿಗೆ ನೆನಪಿಸಿ, ಎಷ್ಟು ದೊಡ್ಡ ಮಾತು ಆಡಿದೆ ನೀನು ಎಂದರೆ, ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಕೈಯಾಗ ಬಿಸಿ ಚಾ ಇತ್ತು, ಅವ ದಾರ್ಯಾಗ ಕಾಲ ಚಾಚಿ ಕುಂತಿದ್ದ. ಆಚಿ ಸರಿ ಅಂದಿರಬೇಕು. ಅದನ್ಯಾಕ ಇಷ್ಟ ದೊಡ್ಡದ ಮಾಡ್ತೀ?" ಇರಬಹುದು. ಆದರೆ "ಸರಿ" ಎಂಬುದು "ಬರಲೇನ್ರಿ" ಎಂದು ಯಾರ ಕಿವಿಗೂ ಕೇಳುವುದಿಲ್ಲ.

ಚಹ ಇಟ್ಟು ಅವ್ವ ಹೊರಬಂದಳು, ಬರುವಾಗ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಬಾವಿಯ ಕಟ್ಟೆಯಿಂದ ಹಲಗೆಯ ಸಂದಿನಲ್ಲಿ ಅವರಿಬ್ಬರೂ ಚೂರು ಚೂರಾಗಿ ಕಾಣುತ್ತಿದ್ದರು, ಮಾತು ಕೇಳುತ್ತಿರಲಿಲ್ಲ. ಹೆಚ್ಚು ಮಾತಾಡಿದವನು ಶರಣಪ್ಪ. ಕೊನೆಯಲ್ಲಿ ನೀಲತ್ತಿ ಏನೋ ಹೇಳಿದಳು, ಚಿಕ್ಕದು. ಅವನು ಎದ್ದು ಅವಳ ಕಾಲು ಮುಟ್ಟಿ ಹೊರಬಂದ. ಅಂಗಡಿಯಲ್ಲಿದ್ದ ಅಪ್ಪನಿಗೆ, "ಚಿಗವ್ವನ ಮನಸ್ಸಿಗೆ ಬಂದಂಗ ಆಗ್ಲಿ ಮಾವಾರ" ಎಂದಷ್ಟೇ ಹೇಳಿ ಒಬ್ಬನೇ ಬಸ್ಸು ಹಿಡಿದ. ನಾನು ಹಿತ್ತಲಿಗೆ ಓಡಿಬಂದು ಕುಣಿದೆ. ನೀಲತ್ತಿ ಲೋಟ ತೊಳೆಯುತ್ತಿದ್ದಳು, ಮ್ಯಾಲಿನ ದಂಟ ಉದುರೀತು, ಕುಣೀಬ್ಯಾಡ ಎಂದಳು.

ಅವಳು ತನ್ನ ಕಾಲ ಮುಗಿಯುವವರೆಗೂ ನಮ್ಮಲ್ಲೇ ಇದ್ದಳು. ಶರಣಪ್ಪ ಕರೆದ, ನೀಲತ್ತಿ ಒಲ್ಲೆ ಎಂದಳು, ನಮ್ಮನ್ನು ಆರಿಸಿಕೊಂಡಳು: ನಾನು ಬೆಳೆದದ್ದು ಈ ಕಥೆಯ ಮೇಲೆ. ಒಬ್ಬರು ನಮ್ಮನ್ನು ಆರಿಸಿಕೊಂಡಿದ್ದಾರೆ ಎಂಬ ಧೈರ್ಯ ನನ್ನನ್ನು ಎಷ್ಟೋ ಕಡೆ ನಿಲ್ಲಿಸಿದೆ. ಈಚೆಗೆ ಗದ್ವಾಲದಲ್ಲಿ ನೆಂಟರೊಬ್ಬರ ಮನೆಯಲ್ಲಿ ಶರಣಪ್ಪ ಸಿಕ್ಕಿದ. ಮೀಸೆ ಬೆಳ್ಳಗಾಗಿದೆ. ಆ ದಿನದ ಮಾತು ತೆಗೆದೆ.

"ಬರಾಂಗಿಲ್ಲ ಅಂತ ಚಿಗವ್ವ ಯಾವಾಗ ಅಂದ್ಲವ್ವ?" ಎಂದ. "ಬರ್ತೀನಿ, ಈ ಬ್ಯಾಸಿಗಿ ಒಂದ ಕಳೀಲಿ ಅಂದಿದ್ಲು. ವರ್ಷಾ ವರ್ಷಾ ಹೇಳಿ ಕಳಸ್ತಿದ್ವಿ. ವರ್ಷಾ ವರ್ಷಾ ಅದನ್ನ ಅಂತಿದ್ಲು. ಆಕೀ ಕ್ವಾಣಿ ನಾವು ಯಾರಿಗೂ ಕೊಡಲಿಲ್ಲ. ಮಂಚ ಹಾಕಿ ಇಟ್ಟಿದ್ವಿ."

ನಾನು ಅವನ ಮುಖ ನೋಡಿದೆ. ಸುಳ್ಳು ಹೇಳುವ ಅಗತ್ಯ ಅವನಿಗಿರಲಿಲ್ಲ. ಮನೆಗೆ ಬಂದು ತಮ್ಮನನ್ನು ಕೇಳಿದರೆ, ಛೇ, ಒಲ್ಲೆ ಎಂದೇ ಹೇಳಿದ್ದಳು, ನನಗೆ ಚೆನ್ನಾಗಿ ನೆನಪಿದೆ ಎಂದ. ಹೇಳಿಕಳಿಸಿದ ಮಾತು ವರ್ಷ ವರ್ಷವೂ ಬರುತ್ತಿತ್ತೆಂಬುದು ಅಪ್ಪನಿಗೆ, ಅವ್ವನಿಗೆ ತಿಳಿದಿತ್ತೋ ಇಲ್ಲವೋ. ಕೇಳಲು ಇಬ್ಬರೂ ಇಲ್ಲ. ಕರೆಯಲು ಬಂದ ಹುಡುಗನ ಮನಸ್ಸು ನೋಯದಿರಲೆಂದು ಆಡಿದ ಮಾತಿರಬಹುದು. ಅಥವಾ ಅವಳು ನಿಜವಾಗಿಯೂ ಪ್ರತಿ ಬೇಸಿಗೆ ಕಳೆಯಲಿ ಎಂದೇ ಕಾಯುತ್ತಿದ್ದಿರಬಹುದು, ನಾವು ಉಳಿದಳು ಎಂದುಕೊಂಡ ಅಷ್ಟು ವರ್ಷವೂ ಅವಳು ಹೊರಡುವವಳೇ ಆಗಿರಬಹುದು. ಎರಡು ಮನೆಗಳಲ್ಲಿ ತನಗೊಂದು ಜಾಗ ಇಟ್ಟುಕೊಳ್ಳುವ ಬಗೆ ಅದೊಂದೇ ಇತ್ತೇನೋ. ಅವಳು ಅವತ್ತು ಒಳಗೆ ಕೂತು ಏನು ಹೇಳಿದಳು ಎಂಬುದು ನನಗೆ ಗೊತ್ತಿಲ್ಲ. ಎಷ್ಟೋ ವರ್ಷ ದಿನಾ ಅವಳ ಪಕ್ಕದಲ್ಲೇ ಕೂತಿರುತ್ತಿದ್ದೆ. ಕೇಳಬೇಕೆಂದು ಹೊಳೆಯಲಿಲ್ಲ, ಅವಳು ಇದ್ದಳಲ್ಲ.